ಏಪ್ರಿಲ್ ಒಂದಕ್ಕೆ ಮುಂಚೆ ಬಂದ ಪತಂಗಗಳು

ಮನೆ, ಹಿಂದಿನ ಕೋಣೆ
ಮೇ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಆರೋಗ್ಯವಾಗಿದ್ದೀಯಾ? ಹಾಸ್ಟೆಲಿನ ಊಟ ಹೊಟ್ಟೆಗೆ ಒಗ್ಗಿತೇ? ಕಂಪ್ಯೂಟರ್ ನೋಡಿ ನೋಡಿ ಬರುತ್ತಿದ್ದ ಕಣ್ಣುರಿ ಕಡಿಮೆಯಾಯಿತೇ? ನನ್ನ ಮಂಡಿನೋವು ಹಾಗೇ ಇದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಿಮ್ಮಮ್ಮ ಗಟ್ಟಿಮುಟ್ಟಾಗಿದ್ದಾಳೆ. ಆದರೆ ಆರು ದಿನದಿಂದ ನನ್ನ ಹತ್ತಿರ ಮಾತುಬಿಟ್ಟಿದ್ದಳು. ಕಾಫಿ ಲೋಟವನ್ನು ಮೇಜಿನ ಮೇಲೆ ಟಕ್ಕನೆ ಕುಕ್ಕಿ ಹೋಗುತ್ತಿದ್ದಳು, ಬೈಗುಳವೆಲ್ಲ ಆ ಸದ್ದಿನಲ್ಲೇ ಇರುತ್ತಿತ್ತು. ಕಾರಣ ನಿನಗೇ ಗೊತ್ತು.

ಅವತ್ತು ಫೋನಿನಲ್ಲಿ ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ. “ಅಪ್ಪಾ, ರಿಜಿಸ್ಟರಿನಲ್ಲಿ ಕಡೇ ಒಂಬತ್ತು ವರ್ಷವೂ ಮೊದಲನೇ ಪತಂಗ ಏಪ್ರಿಲ್ ಒಂದನೇ ತಾರೀಖಿಗೇ ಬಂದಿದೆಯಲ್ಲ, ಹುಳಕ್ಕೂ ಕ್ಯಾಲೆಂಡರ್ ನೋಡೋಕೆ ಬರುತ್ತಾ?” ಎಂದು ನಗುತ್ತಲೇ ಕೇಳಿದೆ. ನನಗೆ ಎಲ್ಲಿತ್ತೋ ಸಿಟ್ಟು. ಮೂವತ್ತೊಂದು ವರ್ಷ ಸಂಶೋಧನಾ ಕೇಂದ್ರದ ಸೇಬಿನ ತೋಟದಲ್ಲಿ ಪತಂಗ ಹಿಡಿಯುವ ದೀಪದ ಬೋನು ನೋಡಿಕೊಂಡವನು ನಾನು, ನನ್ನ ರಿಜಿಸ್ಟರಿನಲ್ಲಿ ಒಂದೇ ಒಂದು ಚಿತ್ತು ತೋರಿಸು ನೋಡೋಣ ಎಂದು ಗುಡುಗಿ ಫೋನ್ ಇಟ್ಟುಬಿಟ್ಟೆ. ಆಮೇಲೆ ನೀನು ಅಮ್ಮನಿಗೆ ಫೋನ್ ಮಾಡಿ, “ಅಪ್ಪನ ಮನಸ್ಸು ನೋಯಿಸೋದು ಬೇಡ, ಆ ಒಂಬತ್ತು ವರ್ಷ ಬಿಟ್ಟೇ ಪ್ರಬಂಧ ಬರೀತೀನಿ” ಎಂದೆಯಂತೆ. ಬಿಟ್ಟರೆ, ಚಳಿ ಕಡಿಮೆಯಾಗಿ ಹುಳ ಬೇಗ ಬರುತ್ತಿದೆ ಎಂಬ ನಿನ್ನ ವಾದಕ್ಕೆ ಬಲವಿಲ್ಲ, ಪರೀಕ್ಷಕರು ಇನ್ನೊಂದು ವರ್ಷ ಕೆಲಸ ಮಾಡಿಕೊಂಡು ಬಾ ಎಂದು ವಾಪಸ್ ಕಳಿಸಬಹುದು ಎಂದೂ ಹೇಳಿದೆಯಂತೆ. ಇಷ್ಟನ್ನು ನನಗೆ ತಿಳಿಸಿಯೇ ಅವಳು ಮಾತುಬಿಟ್ಟದ್ದು. ನನ್ನ ಮರ್ಯಾದೆ ಉಳಿಸಲು ನಿನ್ನ ಐದು ವರ್ಷದ ದುಡಿಮೆಯನ್ನು ನೀರಿಗೆ ಹಾಕಲು ಹೊರಟಿದ್ದೀಯಲ್ಲ, ಹುಚ್ಚು ಹುಡುಗಿ!

ಈಗ ನಿಜ ಹೇಳುತ್ತೇನೆ, ಕೇಳು. ನಮ್ಮ ರಿಜಿಸ್ಟರಿನ ಹಾಳೆ ಫಾರ್ಮಿನಂತೆ ಅಚ್ಚಾಗಿ ಬರುತ್ತಿತ್ತು. ತಾರೀಖುಗಳೆಲ್ಲ ಮೊದಲೇ ಮುದ್ರಿಸಿರುತ್ತಿದ್ದವು, ಮೊದಲ ಸಾಲು ಏಪ್ರಿಲ್ ಒಂದು. ನಾನು ಕೆಲಸಕ್ಕೆ ಸೇರಿದಾಗ ಹಣ್ಣುಕೊರಕದ ಮೊದಲ ಪತಂಗ ಬರುತ್ತಿದ್ದದ್ದು ಏಪ್ರಿಲ್ ಹನ್ನೆರಡು ಹದಿಮೂರರ ಆಸುಪಾಸಿಗೆ. ಅದಕ್ಕೆ ಆ ಹಾಳೆ ಸಾಕೋ ಸಾಕು. ಆಮೇಲೆ ಚಳಿಗಾಲ ಸಡಿಲವಾಗುತ್ತಾ ಬಂತು. ತೊಗಟೆಯ ಸಂದಿನಲ್ಲಿ ಗೂಡು ಕಟ್ಟಿ ಮಲಗಿದ ಹುಳಕ್ಕೆ ಬೇಕಾದಷ್ಟು ಬಿಸಿಲು ಬೇಗ ಬೇಗ ಕೂಡತೊಡಗಿತು, ಪತಂಗವೂ ಹಿಂದೆ ಹಿಂದೆ ಸರಿಯಿತು. ಒಂಬತ್ತು ವರ್ಷದ ಹಿಂದೆ ಮಾರ್ಚ್ ಇಪ್ಪತ್ತೊಂಬತ್ತಕ್ಕೇ ಬೋನಿನಲ್ಲಿ ಒಂದು ಕೂತಿತ್ತು. ಬರೆಯೋಣವೆಂದರೆ ಹಾಳೆಯಲ್ಲಿ ಸಾಲೇ ಇಲ್ಲ! ಅಂಚಿನಲ್ಲಿ ಗೀಚಬಹುದಿತ್ತು. ಆದರೆ ರಿಜಿಸ್ಟರ್ ಗಲೀಜಾಗುತ್ತದಲ್ಲ. ಆಗಿನ ಸಾಹೇಬರನ್ನು ಕೇಳಿದರೆ, “ಫಾರ್ಮ್ ಶುರುವಾಗೋದೇ ಒಂದನೇ ತಾರೀಖು, ಅಲ್ಲಿಗೇ ಬರೆದುಬಿಡ್ರೀ” ಎಂದರು. ಬರೆದೆ. ಮರುವರ್ಷ ಕೇಳಲೂ ಇಲ್ಲ, ಬರೆದೆ. ಸಾಹೇಬರ ಮೇಲೆ ಹೊರಿಸುತ್ತಿಲ್ಲ, ಪೆನ್ನು ನನ್ನ ಕೈಯಲ್ಲಿತ್ತು. ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳುತ್ತಿದ್ದ ಆ ರಿಜಿಸ್ಟರು ಒಂಬತ್ತು ವರ್ಷ ಮುತ್ತಿನಂಥ ಅಕ್ಷರದಲ್ಲಿ ಸುಳ್ಳು ಹೇಳಿತು.

ಇದರಿಂದ ಆದ ನಷ್ಟವನ್ನೂ ಮುಚ್ಚಿಡುವುದಿಲ್ಲ. ಮೊದಲ ಪತಂಗದ ದಿನದಿಂದ ಎಣಿಸಿಯೇ ತೋಟದವರಿಗೆ ಔಷಧಿ ಹೊಡೆಯುವ ದಿನ ತಿಳಿಸುತ್ತಿದ್ದೆವು. ನಾವು ಹೇಳಿದ ದಿನಕ್ಕೆ ಅವರು ಹೊಡೆಯುವಷ್ಟರಲ್ಲಿ ಮರಿಹುಳ ಕಾಯಿಯೊಳಗೆ ಸೇರಿ ಹಾಯಾಗಿ ಕೂತಿರುತ್ತಿತ್ತು. ಬಿಸಿ ಹೆಚ್ಚಿ ವರ್ಷಕ್ಕೆ ಎರಡು ಪೀಳಿಗೆ ಆಗುತ್ತಿದ್ದದ್ದು ಮೂರಾಯಿತು, ಅದೂ ನಮ್ಮ ಲೆಕ್ಕಕ್ಕೆ ಸಿಗಲಿಲ್ಲ. ಔಷಧಿ ಕಲಬೆರಕೆ ಎಂದು ತೋಟದವರು ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಿದ್ದರು. ನಾನೂ ಹೌದು ಹೌದು ಎಂದು ತಲೆಯಾಡಿಸಿದ್ದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಿನ್ನೆ ಇದನ್ನೆಲ್ಲ ನಿಮ್ಮಮ್ಮನ ಮುಂದೆ ಒಪ್ಪಿಕೊಂಡೆ. ಅವಳು ಸ್ಟೂಲು ಹಾಕಿಕೊಂಡು ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಒಳಗೆ ಒಂಬತ್ತು ಬೆಂಕಿಪೊಟ್ಟಣ! ನೀನು ಚಿಕ್ಕವಳಿದ್ದಾಗ ವರ್ಷದ ಮೊದಲ ಪತಂಗವನ್ನು ಕರವಸ್ತ್ರದಲ್ಲಿ ಸುತ್ತಿ ತಂದು ತೋರಿಸುತ್ತಿದ್ದೆನಲ್ಲ, ನೀನು ಓದಲು ಹೋದ ಮೇಲೂ ಆ ಚಾಳಿ ಬಿಡಲಿಲ್ಲ. ತರುವುದು, ಮೇಜಿನ ಮೇಲಿಡುವುದು, ಮಗಳಿಲ್ಲ ಎಂದು ಆಮೇಲೆ ನೆನಪಾಗುವುದು. ನಾನು ಮರೆತುಬಿಡುತ್ತಿದ್ದೆ. ಹುಳ ಕಂಡರೆ ಮಾರು ದೂರ ಹಾರುವ ನಿಮ್ಮಮ್ಮ, ರಜಕ್ಕೆ ಬಂದಾಗ ಮಗಳು ನೋಡಲಿ ಎಂದು ಪ್ರತಿವರ್ಷ ಅದನ್ನು ಪೊಟ್ಟಣಕ್ಕೆ ಹಾಕಿ, ಮೇಲೆ ತಾರೀಖು ಬರೆದು ಅಂಟಿಸಿ, ಅಟ್ಟಕ್ಕೆ ಸೇರಿಸಿ, ತಾನೂ ಮರೆಯುತ್ತಿದ್ದಳಂತೆ. ಮಾರ್ಚ್ ೨೯, ಮಾರ್ಚ್ ೨೭, ಮಾರ್ಚ್ ೩೦, ಹೀಗೆ ಹೋಗಿ ಕೊನೆಯದು ಮಾರ್ಚ್ ೨೧. ಒಂದರಲ್ಲಿ ಇರುವೆ ತಿಂದು ರೆಕ್ಕೆ ಮಾತ್ರ ಉಳಿದಿದೆ, ತಾರೀಖು ಸರಿಯಾಗಿದೆ. “ಫಾರ್ಮ್ ಇಲ್ಲದೇ ಇದ್ದರೂ ನಾನು ಬರೆದೆ, ನೋಡಿ” ಎಂದಳು. ಆರು ದಿನದ ಮೇಲೆ ಆಡಿದ ಮೊದಲ ಮಾತು ಅದು! ಈ ಹೆಂಗಸಿಗೆ ಸಂಬಳ ಕೊಟ್ಟು ನನ್ನನ್ನು ಮನೆಯಲ್ಲಿ ಕೂರಿಸಬೇಕಿತ್ತು.

ಡಬ್ಬಿಗೆ ಹತ್ತಿ ತುಂಬಿ ಪಾರ್ಸೆಲ್ ಮಾಡಿದ್ದೇವೆ. ಜೊತೆಗೆ ನಾನು ಬರೆದುಕೊಟ್ಟ ತಪ್ಪೊಪ್ಪಿಗೆ ಇದೆ, ಸಹಿ ಹಾಕಿದ್ದೇನೆ. ಒಂಬತ್ತು ವರ್ಷವನ್ನೂ ಸೇರಿಸಿ ಬರೆ, ಒಂದನ್ನೂ ಬಿಡಬೇಡ. ಬೆಳಿಗ್ಗೆ ಕ್ಷೌರಕ್ಕೆ ಹೋಗಿದ್ದೆ. ಸಾಬೂನು ಹಚ್ಚಿದ ಮುಖದಲ್ಲೇ ಹೇಳಿದೆ, ಮೂವತ್ತೊಂದು ವರ್ಷದಲ್ಲಿ ನಾಲ್ಕು ಸಾಹೇಬರು ಬಂದು ಹೋದರು, ಯಾರೂ ಹಿಡಿಯದ ತಪ್ಪನ್ನು ನನ್ನ ಮಗಳು ಹಿಡಿದಳು ಎಂದು. ಕ್ಷೌರದವನು ಕತ್ತಿ ಎತ್ತಿ, “ಮೊದಲು ಅಲ್ಲಾಡದೆ ಕೂತ್ಕೊಳ್ಳಿ” ಎಂದ. ಹೆಮ್ಮೆಯಿಂದ ಅಲ್ಲಾಡದೆ ಕೂರುವುದು ಹೇಗೆ ಹೇಳು?

ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆ ಒದ್ದೆ ಇಟ್ಟುಕೊಂಡು ಮಲಗಬೇಡ. ನಿನ್ನ ಕೋಣೆಯ ಗೆಳತಿಗೂ ನೆನಪು ತಿಳಿಸು. ನಿನ್ನ ಬಾಳು ತಂಪಾಗಿರಲಿ, ಹಿಡಿದ ಕೆಲಸ ಕೈಗೂಡಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ. ಪ್ರಬಂಧ ಮುಗಿಸಿ ನೀನು ಪರೀಕ್ಷಕರ ಮುಂದೆ ಮಾತಾಡುವ ದಿನ ನಾವಿಬ್ಬರೂ ಬರುತ್ತಿದ್ದೇವೆ, ಬೇಡ ಎನ್ನಬೇಡ. ‘ದಾಖಲೆಯಲ್ಲಿನ ಲೋಪ’ ಎಂದೆಲ್ಲ ನಯವಾಗಿ ಹೇಳಿ ನನ್ನನ್ನು ಬಚ್ಚಿಡಲೂಬೇಡ. ಇದನ್ನು ಬರೆದವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ನೀನು ಸುಮ್ಮನಿರು. ಕೊನೆಯ ಸಾಲಿನಿಂದ ನಾನೇ ಎದ್ದು ಹೇಳುತ್ತೇನೆ: ಬರೆದವನು ನಾನು, ಹಿಡಿದವಳು ನನ್ನ ಮಗಳು.