ಗೋಡೆ ಬದಿಯ ಬೆಂಚು

೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಮಗಳೇ,

ಹಳೆಯ ಮಾತುಕತೆಯಲ್ಲಿ ಹೆಂಗಸರು ಮಾತಾಡಿದ್ದರೇ ಅಂತ ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು "ಇಲ್ಲ" ಅಂದದ್ದು ಪೂರ್ತಿ ಸರಿಯಲ್ಲ. ಲೈನು ಕಟ್ಟಾಯಿತು, ಆಮೇಲೆ ಹೊಳೆಯಿತು. ನಿನ್ನ ಪತ್ರ ಬಂದು ಮೂರು ವಾರವಾದರೂ ಉತ್ತರಿಸಲಿಲ್ಲ, ಬೈಯಬೇಡ. ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡಿದ್ದೇನೆ. "ಮಾವ, ಈಗ ನೋಡಿ ಥೇಟ್ ರಿಟೈರ್ಡ್ ಗುಮಾಸ್ತರ ಥರ ಕಾಣ್ತೀರಿ" ಅಂತ ನಿನ್ನ ಅತ್ತಿಗೆಗೆ ನಗು.

ಹೊಸ ಶಾಂತಿ ಮಾತುಕತೆಯ ಭದ್ರತಾ ಸಮಿತಿಯಲ್ಲಿ ಹೆಂಗಸರಿಗೆ ಎರಡು ಕುರ್ಚಿ ಬೇಕೆಂದು ನೀನೂ ನಿನ್ನ ಜೊತೆಯವರೂ ಕೇಳಿದ್ದೀರಿ. "ಹದಿನಾರು ವರ್ಷದ ಹಿಂದಿನ ಮಾತುಕತೆಯಲ್ಲಿ ಹೆಂಗಸರು ಬಾಯಿ ಬಿಟ್ಟ ದಾಖಲೆಯೇ ಇಲ್ಲವಲ್ಲ" ಅನ್ನುತ್ತಾರೆ ಅಧಿಕಾರಿಗಳು. ದಾಖಲೆ ಬರೆದವನು ನಾನೇ. ಇಲ್ಲ ನಿಜ.

ಆದರೆ ಪದ್ಧತಿ ಹೇಗಿತ್ತು ಗೊತ್ತೇ? ಮೇಜಿನ ಸುತ್ತ ಕೂತವರ ಮಾತು ಮಾತ್ರ ನಡಾವಳಿಗೆ. ಗೋಡೆ ಬದಿಯ ಬೆಂಚಿನವರು ಬರೀ ಸಾರ್ವಜನಿಕರು. ಅಂದು ಪುರಸಭೆಯ ಮಹಡಿಯಲ್ಲಿ ಎರಡೂ ಕಡೆಯ ಕರ್ನಲ್‌ಗಳು ನಕಾಶೆ ಹರವಿ ಚೆಕ್‌ಪೋಸ್ಟ್‌ಗಳನ್ನು ಗುರುತಿಸುತ್ತಿದ್ದರು. ಬೆಂಚಿನಲ್ಲಿ ಏಳು ಜನ ಹೆಂಗಸರು. ಒಬ್ಬಳು ಎದ್ದು ನಿಂತಳು.

"ಸ್ವಾಮಿ, ಆ ನಕಾಶೆಲಿ ಬೀದಿ ನಲ್ಲಿ ಎಲ್ಲಿದೆ ತೋರ್ಸಿ. ಅದರ ಎದುರಿಗೇ ಪೋಸ್ಟ್ ಹಾಕ್ತಿದೀರಿ. ಬೆಳಿಗ್ಗೆ ಐದಕ್ಕೆ ಕೊಡ ಹಿಡ್ಕೊಂಡು ಬರ್ತೀವಿ. ಕತ್ತಲಲ್ಲಿ ನಿಮ್ಮ ಸಿಪಾಯಿಗೆ ಕೊಡ ಕಾಣುತ್ತೋ, ಬಾಂಬ್ ಕಾಣುತ್ತೋ?"

ಅಧ್ಯಕ್ಷರಿಗೆ ನಾವಿಟ್ಟ ಹೆಸರು ಗಂಟೆ. ಮಾತಿಗೊಮ್ಮೆ ಮೇಜಿನ ಗಂಟೆ ಬಾರಿಸುತ್ತಿದ್ದರು. ಬಾರಿಸಿದರು. "ತಾಯಿ, ನೀರಿನ ವಿಷಯ ನೀರಿನ ಇಲಾಖೆಗೆ ಹೇಳಿ. ಇಲ್ಲಿ ಸೆಕ್ಯೂರಿಟಿ ಮಾತಾಡ್ತಿದೀವಿ."

"ನಾನೂ ಅದನ್ನೇ ಮಾತಾಡ್ತಿರೋದು."

ಎಲ್ಲರೂ ನಕ್ಕರು. ಇನ್ನೂರು ಹೆಜ್ಜೆ ಮೇಲೆ, ಹಾಳು ಗಿರಣಿ ಹತ್ತಿರ ಹಾಕಿ, ಅಲ್ಲಿ ನರಪಿಳ್ಳೆ ಇಲ್ಲ ಎಂದು ಹೇಳಿಯೇ ಅವಳು ಕೂತಳು.

ನನ್ನ ಕೈಗೆ ಮೇಜು, ಬೆಂಚು ಎಂಬ ಭೇದ ಗೊತ್ತಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಂಡಿತು. ಶುದ್ಧ ಪ್ರತಿ ಮಾಡುವಾಗ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ನೆನಪಾದರು. ಪ್ರೆಸೀ ರೈಟಿಂಗ್, ಅಂದರೆ ಸಾರಾಂಶ ಬರೆಯುವಾಗ, 'ಕಟ್ ದಿ' ಏನೋ, 'ಕೀಪ್ ದಿ' ಇನ್ನೇನೋ ಅನ್ನುತ್ತಿದ್ದರು. ಅವಳ ಮಾತೆಲ್ಲ ಕತ್ತರಿಸಿ 'ಲೇಡೀಸ್ ಆಲ್ಸೋ ಪ್ರೆಸೆಂಟ್' ಎಂದು ಬರೆದೆ. ಗಂಟೆಯವರು ಬೆನ್ನು ತಟ್ಟಿದರು.

ಆ ಶಾರ್ಟ್‌ಹ್ಯಾಂಡ್ ಪುಸ್ತಕ ಟ್ರಂಕಿನ ತಳದಲ್ಲಿ ಸಿಕ್ಕಿದೆ. ಅಂಚು ಗೆದ್ದಲು ತಿಂದಿದೆ, ಆ ಪುಟ ಉಳಿದಿದೆ. ನನ್ನ ಗೀಟು ನನಗಲ್ಲದೆ ಯಾರಿಗೂ ಅರ್ಥವಾಗದು. ಸಮಿತಿ ಕರೆದರೆ ಬಂದು ಓದುತ್ತೇನೆ, ತಪ್ಪು ನನ್ನದೆಂದು ಸಹಿಯನ್ನೂ ಹಾಕುತ್ತೇನೆ. ಬಸ್ಸಿನ ಸಮಯ ವಿಚಾರಿಸಿಟ್ಟಿದ್ದೇನೆ.

ನಿಮಗೆ ಕುರ್ಚಿ ಸಿಗಲಿ. ಕೂತ ಮೇಲೆ ಏಳಿಸುವವರು ಯಾರೂ ಹುಟ್ಟದಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ

ಮರೆತ ಮಾತು: ಆ ಹೆಂಗಸು ಯಾರೆಂದು ಸಮಿತಿಯವರು ಕೇಳುತ್ತಾರೆ. ಅಲ್ಲಿ ಎಲ್ಲರೆದುರು ಮೊದಲ ಸಲ ಕೇಳಿಸಿಕೊಳ್ಳಬೇಡ. ನಿನ್ನ ಅಮ್ಮ. ಗುಮಾಸ್ತ ಹೆಂಡತಿಯ ಮಾತನ್ನು ನಡಾವಳಿಗೆ ತುರುಕಿದ ಅಂತ ಆಫೀಸಿನಲ್ಲಿ ಆಡಿಕೊಳ್ಳುತ್ತಾರೆಂದು ನನಗೆ ನಾಚಿಕೆಯಾಗಿತ್ತು; ಪದ್ಧತಿ ಒಳ್ಳೆಯ ನೆಪವಾಯಿತು. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದಳು: "ನಾನಂದಿದ್ದು ಬರ್ಕೊಂಡ್ರಾ?" "ಹ್ಞೂಂ" ಅಂದೆ. ಪೋಸ್ಟ್ ನಲ್ಲಿಯ ಎದುರಿಗೇ ಬಂತು. ಹತ್ತೊಂಬತ್ತು ದಿನ ಕಳೆದು, ಬೆಳಿಗ್ಗೆ ಐದಕ್ಕೆ ಅವಳು ಕೊಡ ಹಿಡಿದು ಹೋದಳು, ತಿರುಗಿ ಬರಲಿಲ್ಲ. ಹಾಸ್ಟೆಲಿನಿಂದ ಬಂದ ನಿನಗೆ, ಎಲ್ಲಿಂದಲೋ ಬಂದ ಗುಂಡು ಅಂತ ಹೇಳಿದೆ. ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಶಾರ್ಟ್‌ಹ್ಯಾಂಡಿನಲ್ಲಿ ಅವಳ ಹೆಸರು ಎರಡೇ ಗೀಟು. ಮಧ್ಯಾಹ್ನದಿಂದ ಅದನ್ನೇ ನೋಡುತ್ತ ಕೂತಿದ್ದೆ. ಈಗ ಬೆಳಕು ಇಳಿದಿದೆ, ಗೀಟು ಕಾಣುತ್ತಿಲ್ಲ.