ದವಡೆಯ ಸಿಗ್ನಲ್

೧೭ ಜನವರಿ ೨೦೦೮, ಗುರುವಾರ

ಇಂದೂ ಬೆಳ್ಳಾವಿಗೆ. ಇಂದೂ ಸೊನ್ನೆ.

ವೆಂಕಟರಂಗಯ್ಯನವರ ತಲೆಗೆ ಜೆಲ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸುವುದಕ್ಕೇ ಮುಕ್ಕಾಲು ಗಂಟೆ. ಆಮೇಲೆ ಕರೆಂಟು ಹೋಯಿತು.

ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಕತ್ತಿನ ಮೇಲೆ ಕಬ್ಬಿಣ ಬಿದ್ದು ನಾಲ್ಕು ವರ್ಷ. ಕೈಕಾಲು ಆಡುವುದಿಲ್ಲ. ಹೆಂಡತಿ ಭದ್ರಮ್ಮ ಗಾರ್ಮೆಂಟ್ಸ್‌ಗೆ ಹೋದರೆ ಸಂಜೆವರೆಗೆ ಒಬ್ಬರೇ. ಬಾಯಾರಿದರೆ ಪಕ್ಕದ ಮನೆಯವರನ್ನು ಕೂಗಬೇಕು. ವೆಂಕಟರಂಗಯ್ಯ ಬಲಗೈ ಎತ್ತಿದಂತೆ ಕಲ್ಪಿಸಿಕೊಂಡರೆ ಸಾಕು, ಮೆದುಳಿನ ಸಿಗ್ನಲ್ ಹಿಡಿದು, ಸ್ಟ್ರಾ ಸಿಕ್ಕಿಸಿದ ನೀರಿನ ಬಾಟಲಿ ಹೊತ್ತ ಗಾಡಿ ಮಂಚದ ಹತ್ತಿರ, ಅವರ ಬಾಯಿಯ ಬಳಿ ಬರಬೇಕು. ಅದೇ ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟ್.

“ಎತ್ತಿದೆ ಮೇಡಮ್ಮೋರೆ. ನೂರ್ ಸಲ ಎತ್ತಿದೆ. ಕೈ ಹೆಂಗ್ ಎತ್ತೋದು ಅನ್ನೋದೇ ಮರ್ತೋಗದೆ.”

೨೯ ಜನವರಿ

ಹೋಗಲಿಲ್ಲ. ಲ್ಯಾಬ್‌ನಲ್ಲಿ ಆಂಪ್ಲಿಫೈಯರ್ ಬಿಚ್ಚಿ ಕೂತೆ. ಗ್ರಾಫ್ ತುಂಬಾ ಬರೀ ಕರೆಂಟಿನ ಗುಂಯ್. ಒಂದೂವರೆ ವರ್ಷ ಇದಕ್ಕೇನಾ? ಥೂ.

೨೦ ಫೆಬ್ರವರಿ, ಮಧ್ಯಾಹ್ನ ೩

ಬಂತು! ಗಾಡಿ ಬಂತು! ಐದಕ್ಕೆ ಐದು ಸಲ. ರಜೆ ಹಾಕಿದ್ದ ಭದ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಿಂತುಬಿಟ್ಟರು.

೨೨ ಫೆಬ್ರವರಿ

ಗ್ರಾಫ್ ಮತ್ತೆ ಮತ್ತೆ ನೋಡಿದೆ. ಮೆದುಳಲ್ಲ... ದವಡೆ. ಹಲ್ಲು ಕಚ್ಚಿದಾಗ ಹಣೆಪಕ್ಕದಲ್ಲಿ ಹುಟ್ಟುವ ಸಿಗ್ನಲ್. ಬೆಳ್ಳಾವಿಗೆ ಹೋಗಿ ವೆಂಕಟರಂಗಯ್ಯನವರನ್ನೇ ಕೇಳಿದೆ.

“ಹೂಂ, ಸಿಟ್ಟು ಬಂತು, ಕಚ್ಚಿದೆ. ಹಲ್ಲಾದ್ರೇನು, ತಲೆಯಾದ್ರೇನು ಬುಡಿ. ನೀರು ಬಂತಲ್ಲ!”

ಅವರು ನಗುತ್ತಿದ್ದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು.

೧೧ ಮಾರ್ಚ್

ಈಗ ದವಡೆಯ ಸಿಗ್ನಲ್ ಹಿಡಿಯಲು ಹಣೆಗೊಂದು ಪಟ್ಟಿ ಅಷ್ಟೇ. ಕೆಲಸಕ್ಕೆ ಹೋಗುವ ಮೊದಲು ಭದ್ರಮ್ಮನೇ ಕಟ್ಟುತ್ತಾರೆ. ಎರಡು ವಾರದಿಂದ ವೆಂಕಟರಂಗಯ್ಯ ನೀರಿಗೆ ಯಾರನ್ನೂ ಕೂಗಿಲ್ಲವಂತೆ.

ನಮ್ಮ ವಿಭಾಗದ ಮುಖ್ಯಸ್ಥ ಎಚ್‌ಒಡಿಗೆ ದವಡೆಯ ವಿಷಯ ಹೇಳಿದೆ.

“ಮೈಂಡ್ ಕಂಟ್ರೋಲ್ ಅಂತ್ಲೇ ರಿಪೋರ್ಟ್ ಬರೀರಿ ಸಂಧ್ಯಾ. ಯಾರ್ ನೋಡ್ತಾರೆ?”

“ಸುಳ್ಳು ಬರೆಯಲ್ಲ ಸರ್.”

“ಹಾಗಾದ್ರೆ ಪ್ರಾಜೆಕ್ಟ್ ಕ್ಲೋಸ್. ಗಾಡಿ ವಾಪಸ್ ತನ್ನಿ.”

೧೮ ಮಾರ್ಚ್

ತರಲು ಹೋದೆ. ಭದ್ರಮ್ಮ ಗಾಡಿ ಒರೆಸಿದರು, ಚಕ್ರಕ್ಕೆ ಸುತ್ತಿದ್ದ ಕೂದಲನ್ನೂ ಬಿಡಿಸಿದರು. “ನಿಮ್ದೇ ಅಲ್ವ, ತಕಂಡೋಗಿ.” ವೆಂಕಟರಂಗಯ್ಯ ಗೋಡೆ ಕಡೆ ಮುಖ ತಿರುಗಿಸಿದರು.

ಗಾಡಿ ಅಲ್ಲೇ ಬಿಟ್ಟು, ಬಸ್ಸಿನಲ್ಲಿ ಬರಿಗೈಲಿ ವಾಪಸ್ ತುಮಕೂರಿಗೆ.

೧೯ ಮಾರ್ಚ್, ಬೆಳಿಗ್ಗೆ ೧೧.೩೦

ಸ್ಟಾಕ್ ರಿಜಿಸ್ಟರ್ ತೆಗೆದು ಬರೆದೆ: ‘ಗಾಡಿ ೧. ಮೋಟಾರ್ ಸುಟ್ಟಿದೆ. ದುರಸ್ತಿ ಸಾಧ್ಯವಿಲ್ಲ. ಗುಜರಿಗೆ.’ ಸಹಿಯನ್ನೂ ಮಾಡಿದೆ. ಸುಳ್ಳು ಬರೆಯಲ್ಲ ಅಂದವಳು ನಾನೇ.

ಅಟೆಂಡರ್ ದಾಸಯ್ಯ ಓದಿದ. “ಸುಟ್ಟೋದ್ ಗಾಡಿ ಎಲ್ಲೈತೆ ಮೇಡಂ? ಎಚ್‌ಒಡಿ ಸಾಹೇಬ್ರು ನೋಡ್ಬೇಕಂತೆ.”

ತರ್ತೀನಿ ಅಂದೆ. ಏನನ್ನು ತರಲಿ? ಗಾಡಿ ಬೆಳ್ಳಾವಿಯಲ್ಲಿ ಓಡುತ್ತಿದೆ. ಹೊರಗೆ ಎಚ್‌ಒಡಿ ದನಿ. ಬಾಗಿಲ ಹತ್ತಿರವೇ ಬಂದರು. ಡೈರಿ ಮುಚ್ಚುತ್ತೇನೆ; ರಿಜಿಸ್ಟರ್ ಮಾತ್ರ ತೆರೆದೇ ಇರಲಿ.