ಎಲಾದಿಯೋನ ಅಂಗಿಗಳ ಅಂಚು

ಒಹಾಯೋ, ಭಾನುವಾರ

ಅಮ್ಮಾ,

ವೆಂಡೆಲ್ ಎಂಬ ಬೇಸ್‌ಬಾಲ್ ಹುಚ್ಚಿನ ಮುದುಕ ನಮ್ಮ ಎಲಾದಿಯೋ ಅಣ್ಣನ ಆಟದ ಬದುಕನ್ನೆಲ್ಲ ಗಾಜಿನ ಕಪಾಟುಗಳಲ್ಲಿ ಕೂಡಿಟ್ಟಿದ್ದಾನೆ: ಮುರಿದ ಬ್ಯಾಟು, ಮೊದಲ ಹೋಮ್‌ರನ್ನಿನ ಚೆಂಡು, ಕೊನೆಯ ಪಂದ್ಯದ ಮಣ್ಣು ಮೆತ್ತಿದ ಅಂಗಿ.

"ಎಲ್ಲಾ ಅಂಗಿಯ ಅಂಚಲ್ಲೂ ಏನೋ ಗಟ್ಟಿಯಾಗಿ ಸಿಗುತ್ತೆ, ಏನಮ್ಮಾ ಇದು?" ಎಂದ.

ಮುಟ್ಟಿ ನೋಡಿದೆ. ದೃಷ್ಟಿಮಣಿ! "ನಿನ್ನ ಮಣಿ ಆವತ್ತೇ ಕಿತ್ತೆಸೆದೆ ಕಣಮ್ಮಾ, ಹುಡುಗ್ರು ನಗ್ತಿದ್ರು" ಎಂದು ಅಣ್ಣ ಈಗಲೂ ನಿನ್ನನ್ನು ಕೆಣಕುತ್ತಾನಲ್ಲ? ನಮ್ಮೂರು ಸಾನ್ ಪೆಡ್ರೊದಲ್ಲಿ ಆಡಿದಾಗಿನ ಅಂಗಿಗಳಲ್ಲಿ ನಿನ್ನ ಹೊಲಿಗೆಯೇ ಇದೆ. ಅಮೆರಿಕದಲ್ಲಿ ತೊಟ್ಟವುಗಳಲ್ಲಿ ಮಾತ್ರ ಹೊಲಿಗೆ ಸೊಟ್ಟಪಟ್ಟ. ಇಲ್ಲಿ ಸೂಜಿ ಹಿಡಿದವನು ಅವನೇ, ಕೊನೆಯ ಪಂದ್ಯದವರೆಗೂ.

ನನ್ನ ಕೆಮ್ಮು ಇಳಿದಿದೆ, ಚಳಿ ಮಾತ್ರ ವಿಪರೀತ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನಗೆ ಕಣ್ಣು ಮಂಜಲ್ಲವೇ, ಇದನ್ನು ಅಣ್ಣನ ಕೈಲೇ ಗಟ್ಟಿಯಾಗಿ ಓದಿಸು.

ನಿನ್ನ ನೆರೈದಾ